ಬರಿಗಾಲಿನ ನಾಯಕ, ಗುಡ್ಡನಾಡಿನ ವೈದ್ಯ

ಪರೀಕ್ಷೆ ಹತ್ತಿರ ಬಂದರೆ ನಾರಾಯಣಖೇಡ್, ಜಹೀರಾಬಾದ್ ಕಡೆಯ ನಮ್ಮ ಮನೆಗಳಲ್ಲಿ ಒಂದೇ ಜಗಳ: ಆಟವೋ, ಓದೋ? ಚೆಂಡನ್ನು ಅಟ್ಟದ ಮೇಲೆ ಬಚ್ಚಿಡುವ ತಾಯಂದಿರೂ ಇದ್ದಾರೆ. ಪ್ರಿಯ ಓದುಗರೇ, ಅಂಥ ಮನೆಗಳಿಗಾಗಿ ಈ ಬಾರಿ ಡಾಕ್ಟರ್ ತಾಲಿಮೆರೆನ್ ಆವೋ ಅವರ ಬಾಳನ್ನು ಆರಿಸಿಕೊಂಡಿದ್ದೇವೆ.

ಅವರು ಹುಟ್ಟಿದ್ದು 1918ರಲ್ಲಿ, ಇಂದಿನ ನಾಗಾಲ್ಯಾಂಡಿನ ಚಾಂಗ್‌ಕಿ ಎಂಬ ಹಳ್ಳಿಯಲ್ಲಿ. ತಂದೆ ಬ್ಯಾಪ್ಟಿಸ್ಟ್ ಸಭೆಯ ಪಾಸ್ಟರ್. 1935ರಲ್ಲಿ ಟೈಫಾಯಿಡ್ ಜ್ವರ ಆ ತಂದೆಯನ್ನು ಬಲಿ ತೆಗೆದುಕೊಂಡಿತು. ಮಗ ವೈದ್ಯನಾಗಿ ತನ್ನ ಜನರ ಸೇವೆ ಮಾಡಬೇಕೆಂಬುದು ಅವರ ಆಸೆಯಾಗಿತ್ತು. ಹದಿನೇಳರ ಹುಡುಗ ಅದನ್ನು ಮರೆಯಲಿಲ್ಲ. ಹಾಗೆಂದು ಚೆಂಡನ್ನೂ ಬಿಡಲಿಲ್ಲ! ಗುವಾಹಟಿಯ ಕಾಟನ್ ಕಾಲೇಜಿನಲ್ಲಿ ಓದಿ, 1942ರಲ್ಲಿ ಕಲ್ಕತ್ತೆಯ ಕಾರ್ಮೈಕೇಲ್ ವೈದ್ಯಕೀಯ ಕಾಲೇಜಿಗೆ ಸೇರಿದರು. ಮರುವರ್ಷ ಮೋಹನ್ ಬಾಗಾನ್ ಕ್ಲಬ್ಬಿನ ಆಟಗಾರರಾದರು. ಹಗಲು ಆಸ್ಪತ್ರೆಯ ವಾರ್ಡು, ಸಂಜೆ ಮೈದಾನ.

1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ತಂಡಕ್ಕೆ ಆವೋ ನಾಯಕರು. ಉದ್ಘಾಟನೆಯ ದಿನ ತ್ರಿವರ್ಣಧ್ವಜ ಹಿಡಿದು ನಡೆದವರೂ ಅವರೇ. ನಮ್ಮ ಬೆಂಗಳೂರಿನ ಅಹ್ಮದ್ ಖಾನ್, ಸಾರಂಗಪಾಣಿ ರಾಮನ್ ಆ ತಂಡದಲ್ಲಿದ್ದರು. ಜುಲೈ 31ರಂದು ಫ್ರಾನ್ಸ್ ವಿರುದ್ಧ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿಗಳು ಕೈತಪ್ಪಿದವು. ರಾಮನ್ ಒಂದು ಗೋಲು ಹೊಡೆದು ಸಮ ಮಾಡಿದರು. ಕೊನೆಯ ನಿಮಿಷಗಳಲ್ಲಿ ಫ್ರಾನ್ಸ್ ಮತ್ತೊಂದು ಹೊಡೆದು 2-1ರಿಂದ ಗೆದ್ದಿತು. ಬೂಟು ಏಕಿಲ್ಲವೆಂದು ಪತ್ರಕರ್ತರು ಕೇಳಿದಾಗ, ನಾವು ಆಡುವುದು ಫುಟ್‌ಬಾಲ್, ನಿಮ್ಮದು ಬೂಟ್‌ಬಾಲ್ ಎಂದು ಆವೋ ನಗಿಸಿದ್ದು ಇಂದಿಗೂ ಪ್ರಸಿದ್ಧ.

ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬು ಅವರನ್ನು ಕರೆಯಿತೆಂದೂ, ಓದು ಮುಗಿದಿಲ್ಲವೆಂದು ಅವರು ಒಲ್ಲೆನೆಂದರೆಂದೂ ಹೇಳುತ್ತಾರೆ. ಮೂವತ್ತು ವರ್ಷದ ಆಟಗಾರನಿಗೆ ಅಂಥ ಕರೆ ಎರಡನೇ ಸಲ ಬರುವುದಿಲ್ಲ. ಅದು ಅವರಿಗೂ ಗೊತ್ತಿದ್ದಿರಬೇಕು. ಹಿಂದಿರುಗಿ ಪುಸ್ತಕ ಹಿಡಿದರು. ಎಂ.ಬಿ.ಬಿ.ಎಸ್. ಪದವಿ ಕೈಗೆ ಬಂದದ್ದು 1950ರಲ್ಲಿ, ಕಾಲೇಜು ಸೇರಿದ ಎಂಟು ವರ್ಷಕ್ಕೆ. ಆಟಕ್ಕಾಗಿ ಅವರು ತೆತ್ತ ಬೆಲೆ ಇದೆಂದು ಕೆಲವರು ಅನ್ನಬಹುದು. ನಮಗೆ ಹಾಗೆ ತೋರುವುದಿಲ್ಲ. ತಂದೆಗೆ ಬೇಕಿದ್ದದ್ದು ವೈದ್ಯನಾದ ಮಗ, ಬೇಗ ವೈದ್ಯನಾದ ಮಗನಲ್ಲ.

ಮುಂದೆ ಕಲ್ಕತ್ತೆಯಲ್ಲೇ ಉಳಿದು ಹೆಸರು ಮಾಡಬಹುದಿತ್ತು. ಅವರು ಗುಡ್ಡನಾಡಿಗೆ ಮರಳಿ ಕೊಹಿಮಾದಲ್ಲಿ ಸಿವಿಲ್ ಸರ್ಜನ್ ಆದರು, ಬಳಿಕ ನಾಗಾಲ್ಯಾಂಡಿನ ಆರೋಗ್ಯ ಸೇವೆಗಳ ನಿರ್ದೇಶಕರಾಗಿ 1978ರಲ್ಲಿ ನಿವೃತ್ತರಾದರು. 1998ರಲ್ಲಿ ತೀರಿಕೊಂಡರು. ಈಶಾನ್ಯ ರಾಜ್ಯಗಳ ತಂಡಗಳಿಗಾಗಿ 2009ರಲ್ಲಿ ಅವರ ಹೆಸರಿನಲ್ಲೇ ಒಂದು ಫುಟ್‌ಬಾಲ್ ಟ್ರೋಫಿ ಆರಂಭವಾಯಿತು.