ದಂಡನೆಯೂ ನಿದರ್ಶನವೂ

ಪ್ರಾಣಿಯಾಗಲಿ ಮನುಷ್ಯನಾಗಲಿ ಒಂದು ನಡವಳಿಕೆಯನ್ನು ಕಲಿಯುವುದು ಫಲದ ಆಸೆಯಿಂದಲೋ, ಪೆಟ್ಟಿನ ಭಯದಿಂದಲೋ, ಅಥವಾ ಜೊತೆಯವರ ನಡೆಯನ್ನು ಕಂಡೋ ಎಂಬ ಪ್ರಶ್ನೆಯನ್ನು ಮನಃಶಾಸ್ತ್ರಜ್ಞರು ಪ್ರಯೋಗಶಾಲೆಗೆ ಒಯ್ಯುವುದಕ್ಕೆ ಎಷ್ಟೋ ಮೊದಲೇ ಸುರಪುರ ಶಹಾಪುರಗಳ ಸೀಮೆಯಾದ ಸಗರನಾಡಿನ ಒಕ್ಕಲುಮಗನು ತನ್ನ ಎರೆಹೊಲದಲ್ಲಿ ಎದುರಿಸಿದ್ದನು. ನೊಗ ಕಾಣದ ಹೋರಿಯನ್ನು ಪಳಗಿಸುವಾಗ ಅವನು ಅದನ್ನು ನುರಿತ ಹಳೆಯ ಎತ್ತಿನ ಜೊತೆಗೆ ಹೂಡುತ್ತಾನೆ. ಹೋರಿ ಮುನ್ನುಗ್ಗಿದರೆ ಜೊತೆಯ ಎತ್ತಿನ ನಿಧಾನವು ಅದನ್ನು ತಡೆಯುತ್ತದೆ, ಕಾಲೂರಿ ನಿಂತರೆ ಎಳೆದೊಯ್ಯುತ್ತದೆ. ಸಾಲಿನ ಕೊನೆಯಲ್ಲಿ ಹಳೆಯದು ತಿರುಗಿದಂತೆ ಹೊಸದೂ ತಿರುಗಲೇಬೇಕು. ಬರಬರುತ್ತ ಬಾಯಿಮಾತೊಂದೇ ಸಾಕಾಗುತ್ತದೆ. ಬಾರುಕೋಲು ಅವನ ಕೈಯಲ್ಲಿ ಇರುವುದು ನಿಜ. ಆದರೆ ಬರೀ ಬಾರುಕೋಲಿಗೆ ಪಳಗಿದ ಎತ್ತು ಅದರ ಸಪ್ಪಳಕ್ಕೆ ಬೆದರುವುದನ್ನು ಕಲಿತೀತೇ ಹೊರತು ಸಾಲು ಹಿಡಿಯುವುದನ್ನು ಕಲಿಯಲಾರದು.

ಶಾಸ್ತ್ರವು ಈ ಅನುಭವಕ್ಕೆ ಬಂದು ಸೇರಿದ್ದು ಸುತ್ತುಬಳಸಿನ ದಾರಿಯಿಂದ. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ರಷ್ಯದ ಪಾವ್ಲೋವನು, ಆಹಾರಕ್ಕೆ ಮುನ್ನ ಪದೇ ಪದೇ ಒಂದು ಸಂಕೇತವನ್ನು ಕೊಟ್ಟರೆ ಆ ಸಂಕೇತಮಾತ್ರದಿಂದಲೇ ನಾಯಿಯ ಬಾಯಲ್ಲಿ ನೀರೂರುವುದೆಂದು ತೋರಿಸಿದನು. ಅಮೆರಿಕದ ಥಾರ್ನ್‌ಡೈಕನು 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ, ತಡಕಾಡುತ್ತ ಅಗುಳಿ ತೆಗೆದು ಆಹಾರ ಪಡೆದ ಬೆಕ್ಕು ಬರಬರುತ್ತ ಬೇಗಬೇಗನೆ ಹೊರಬರುವುದನ್ನು ಕಂಡನು. ಸುಖವನ್ನು ತಂದ ಕ್ರಿಯೆಯು ನೆಲೆಗೊಳ್ಳುತ್ತದೆ ಎಂಬ ಅವನ ನಿಯಮವನ್ನು ಸ್ಕಿನ್ನರನು ಮುಂದೆ ವಿಸ್ತರಿಸಿದನು. ಇವರೆಲ್ಲರ ಸಿದ್ಧಾಂತವನ್ನು ಒಪ್ಪುವವನು ಅದರ ಒಂದು ಪರಿಣಾಮವನ್ನೂ ಒಪ್ಪತಕ್ಕದ್ದು. ಆಹಾರದ ಸಂಕೇತವು ಆಹಾರದ ಆಸೆಯನ್ನು ಎಬ್ಬಿಸುವಂತೆಯೇ ನೋವಿನ ಸಂಕೇತವು ನೋವಿನ ಭಯವನ್ನು ಎಬ್ಬಿಸುತ್ತದೆ. ಮಗ್ಗಿ ತಪ್ಪಿದ್ದಕ್ಕೆ ಪೆಟ್ಟು ತಿಂದ ಮಗುವಿಗೆ ಆ ಪಾಟಿ, ಆ ಕೋಣೆ, ಆ ಗುರುವಿನ ಧ್ವನಿ, ಕೊನೆಗೆ ಆ ಮಗ್ಗಿ, ಎಲ್ಲವೂ ಪೆಟ್ಟಿನ ಸಂಕೇತಗಳೇ ಆಗಿಬಿಡುತ್ತವೆ.

ಫಲದ ಸಿದ್ಧಾಂತವೂ ಪೂರ್ಣವಲ್ಲ. 1961ರಲ್ಲಿ ಬಂಡೂರ ಎಂಬ ವಿದ್ವಾಂಸನು ನಡೆಸಿದ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಯೊಂದನ್ನು ಹೊಡೆದು ಒದೆಯುವುದನ್ನು ನೋಡಿದ ಮಕ್ಕಳು, ಯಾರೂ ಹೇಳದೆ, ಯಾರೂ ಬಹುಮಾನ ಕೊಡದೆ, ಹಾಗೆಯೇ ಹೊಡೆದರು. ಕಣ್ಣಿನಿಂದ ಕಲಿತದ್ದರ ಬಲ ಇಷ್ಟು.

ಸುರಪುರದ ಚರಿತ್ರೆಯನ್ನು ಬಲ್ಲವರಿಗೆ ಈ ಬಲದ ಇನ್ನೊಂದು ಸಾಕ್ಷ್ಯ ಹೊಳೆಯದೆ ಇರದು. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನು 1840ರ ದಶಕದಲ್ಲಿ ಸಂಸ್ಥಾನದ ಮೇಲ್ವಿಚಾರಣೆಗೆ ಬಂದಾಗ ರಾಜಾ ವೆಂಕಟಪ್ಪನಾಯಕನು ಇನ್ನೂ ಬಾಲಕ. ತಂದೆಯಿಲ್ಲದ ಆ ಹುಡುಗನು ಟೇಲರನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಟೇಲರನ ಕೈಕೆಳಗೆ ಅವನು ಪಡೆದ ಶಿಕ್ಷಣದಲ್ಲಿ ವಾತ್ಸಲ್ಯಕ್ಕೂ ಕೊರತೆಯಿರಲಿಲ್ಲ, ಕಾಲಾವಕಾಶಕ್ಕೂ ಕೊರತೆಯಿರಲಿಲ್ಲ. 1853ರಲ್ಲಿ ರಾಜ್ಯಭಾರವು ತರುಣ ರಾಜನ ಕೈಗೆ ಬಂದಿತು. ಐದು ವರ್ಷಗಳೊಳಗೆ, 1858ರಲ್ಲಿ, ಅವನು ಬ್ರಿಟಿಷರ ವಿರುದ್ಧ ಶಸ್ತ್ರವೆತ್ತಿದನು, ಸೆರೆಸಿಕ್ಕನು, ಅದೇ ವರ್ಷ ಪ್ರಾಣವನ್ನೂ ಕಳೆದುಕೊಂಡನು. ಇದಕ್ಕೆ ರಾಜಕೀಯ ಕಾರಣಗಳು ಹಲವಿದ್ದುವು. ಆದರೂ ನನಗೆ ತೋರುವುದಿಷ್ಟು: ವೃದ್ಧ ಔರಂಗಜೇಬನೇ 1705ರಲ್ಲಿ ಖುದ್ದಾಗಿ ಬಂದು ಮುತ್ತಬೇಕಾದ ವಾಗಣಗೇರಾ ಕೋಟೆಯ ಒಡೆಯರ ವಂಶದಲ್ಲಿ ಹುಟ್ಟಿ, ಬೇಡರ ಪಡೆಯ ನಡುವೆ ಬೆಳೆದ ಹುಡುಗನು, ಗುರುವು ಕಲಿಸಿದ್ದಕ್ಕಿಂತ ತನ್ನವರಲ್ಲಿ ಕಂಡದ್ದನ್ನೇ ತನ್ನದೆಂದು ಬಗೆದನು.

ಅನುಕರಣೆಗೆ ವಿವೇಕವಿರಲೇಬೇಕೆಂಬ ನಿಯಮವಿಲ್ಲ, ಇದನ್ನೂ ಈ ನೆಲವೇ ಕಲಿಸಿದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಜೋಳ ತೊಗರಿಗಳ ಹೊಲಗಳಿಗೆ ಹರಿದಾಗ, ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರು ನೆಲ ಮಟ್ಟ ಮಾಡಿ, ಬದು ಹಾಕಿ, ನೀರು ನಿಲ್ಲಿಸಿ, ಭತ್ತದ ಸಸಿ ನಾಟುವುದನ್ನು ಸುರಪುರ ಶಹಾಪುರಗಳ ಒಕ್ಕಲು ಮಕ್ಕಳು ಪಕ್ಕದ ಬದುವಿನ ಮೇಲೆ ನಿಂತು ನೋಡಿದರು. ರಾಶಿಯನ್ನು ಕಂಡರು, ತಾವೂ ಕಲಿತರು. ಯಾವ ಇಲಾಖೆಯ ಉಪದೇಶವೂ ಅಷ್ಟು ಬೇಗ ಫಲಿಸಿರಲಾರದು. ಕಾಲುವೆಯ ಯೋಜನೆಯು ಉದ್ದೇಶಿಸಿದ್ದು ಮಿತನೀರಿನ ಬೆಳೆಗಳನ್ನು ಎಂಬ ಎಚ್ಚರಿಕೆ ಮಾತ್ರ ಕಿವಿಗೆ ಬೀಳಲಿಲ್ಲ. ಹಲವೆಡೆ ನೆಲ ಸವಳು ಜವಳಾಯಿತು, ಕಾಲುವೆಯ ತುದಿಯ ಹೊಲಗಳಿಗೆ ನೀರು ಮುಟ್ಟದಾಯಿತು. ಆದುದರಿಂದ ಮಾದರಿಯನ್ನು ತೋರಿಸುವವರ ಹೊಣೆಯು ಬಹಳ ದೊಡ್ಡದು.

ಶಾಲೆಯಲ್ಲಿ ಆ ಹೊಣೆಯು ಗುರುವಿನದು. 2011ರ ಜನಗಣತಿಯಲ್ಲಿ, ಸಗರನಾಡು ಸೇರಿರುವ ಯಾದಗಿರಿ ಜಿಲ್ಲೆಯ ಸಾಕ್ಷರತೆಗೆ ರಾಜ್ಯದಲ್ಲೆಲ್ಲ ಕಡೆಯ ಸ್ಥಾನ ದೊರೆತಿತ್ತು. ಮಕ್ಕಳು ಶಾಲೆ ಬಿಡುವುದಕ್ಕೆ ಬಡತನವಿದೆ, ಗುಳೆಯಿದೆ; ಅವೆರಡೂ ಗುರುವಿನ ಕೈಯಲ್ಲಿಲ್ಲ. ಬೆತ್ತವು ಅವನ ಕೈಯಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ದೈಹಿಕ ದಂಡನೆಯನ್ನು ನಿಷೇಧಿಸಿದೆ. ಕಾಯಿದೆಯ ಅಂಜಿಕೆಗಾಗಿ ಬೇಡ, ಮಗುವು ತಮ್ಮನ್ನು ನೋಡಿಯೇ ಕಲಿಯುತ್ತಿದೆಯೆಂಬ ಅರಿವಿನಿಂದ ಸಗರನಾಡಿನ ಗುರುಗಳು ಆ ಬೆತ್ತವನ್ನು ಕೆಳಗಿಡಬೇಕೆಂದು ಕೈಮುಗಿದು ಬೇಡುತ್ತೇನೆ.