ಆ್ಯಪ್ ಮಾಡೋ ಮೊದಲು ಡಿಸ್ಚಾರ್ಜ್ ಚೀಟಿ ಓದಿ

ಫೈನಲ್ ಇಯರ್ ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ಕ್ಯಾಂಟೀನಿನಲ್ಲಿ ಒಂದು ಮಾತು ಗ್ಯಾರಂಟಿ: "ಹೆಲ್ತ್ ಆ್ಯಪ್ ಮಾಡೋಣ ಕಣೋ, ಗೈಡ್ ಬೇಗ ಒಪ್ತಾರೆ." ಈ ಸಲ ನಮ್ಮ ಬ್ಯಾಚಿನ ಒಂದು ಟೀಮ್ ತಿಂಗಳು ತುಂಬೋ ಮುಂಚೆ ಹುಟ್ಟಿದ ಮಕ್ಕಳ ಅಪ್ಪ ಅಮ್ಮಂದಿರಿಗಾಗಿ ಆ್ಯಪ್ ಮಾಡ್ತಿದೆ. ವಿಷಯ ಬಹಳ ಒಳ್ಳೇದು. ಆದರೆ ಸಿನಾಪ್ಸಿಸ್ ನೋಡಿದರೆ ಚಾಟ್‌ಬಾಟ್ ಇದೆ, ಮಷೀನ್ ಲರ್ನಿಂಗ್ ಇದೆ, ಚೆಂದದ ಲಾಗಿನ್ ಪೇಜ್ ಇದೆ. ಬಾಣಂತಿ ಎಲ್ಲೂ ಇಲ್ಲ. ನಾನು ಕಡೂರು ಸೀಮೆಯವನು. ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಿಗೆ ಸಾವಿರ ಲೇಖನ ತುಂಬಿದ ಆ್ಯಪ್ ಬೇಕಿಲ್ಲ ಅನ್ನೋದು ನನ್ನ ವಾದ. ಮಗು ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ನಾಲ್ಕೈದು ಮುಖ್ಯ ತಾರೀಖುಗಳನ್ನು ಕನ್ನಡದಲ್ಲಿ, ಬಾಯಿಮಾತಿನಲ್ಲಿ, ಸರಿಯಾದ ಮನುಷ್ಯರಿಗೆ ಮುಟ್ಟಿಸೋ ಸಣ್ಣ ವ್ಯವಸ್ಥೆ ಸಾಕು.

37 ವಾರ ತುಂಬೋ ಮೊದಲೇ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಅಂತಾರೆ. 2020ರಲ್ಲಿ ಜಗತ್ತಿನಲ್ಲಿ ಹೀಗೆ ಹುಟ್ಟಿದ ಮಕ್ಕಳು ಸುಮಾರು 1 ಕೋಟಿ 34 ಲಕ್ಷ. ಅದರಲ್ಲಿ 30 ಲಕ್ಷ ಭಾರತದಲ್ಲೇ. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ನಮ್ಮ ಕಡೆ ಇನ್ನೂ "ಏಳಕ್ಕೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ" ಅನ್ನೋ ಮಾತಿದೆ. ಅದು ಸುಳ್ಳು. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ.

ಇಂಥ ಮಕ್ಕಳಿಗೆ ಸರ್ಕಾರಿ ವ್ಯವಸ್ಥೆ ಇಲ್ಲವೇ ಇಲ್ಲ ಅಂತೇನಲ್ಲ. ತೀರಾ ಸಣ್ಣ ಶಿಶುಗಳಿಗೆ ಜಿಲ್ಲಾ ಮಟ್ಟದಲ್ಲಿ ಎಸ್‌ಎನ್‌ಸಿಯು ಅನ್ನೋ ವಿಶೇಷ ಘಟಕ ಇರುತ್ತೆ. ಕಡೂರಿನವರು ಚಿಕ್ಕಮಗಳೂರಿಗೆ ಓಡ್ತಾರೆ, ತರೀಕೆರೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಹತ್ತಿರ. "ಮಗೂನ ಬಾಕ್ಸಲ್ಲಿ ಇಟ್ಟಿದಾರೆ" ಅನ್ನೋ ಆ ದಿನಗಳಲ್ಲಿ ಡಾಕ್ಟರು, ನರ್ಸು ಪಕ್ಕದಲ್ಲೇ ಇರ್ತಾರೆ. ಅಸಲಿ ಭಯ ಶುರುವಾಗೋದು ಮನೆಗೆ ಕಳಿಸಿದ ದಿನ. ಎರಡು ಕೆಜಿ ಕೂಡ ಇಲ್ಲದ ಕೂಸು ಮತ್ತು ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿ, ಇವೆರಡನ್ನು ಹಿಡಿದು ಬಾಣಂತಿ ಊರಿಗೆ ಬರ್ತಾಳೆ.

ಯಾವ ಊರಿಗೆ? ಇಲ್ಲೇ ನಮ್ಮ ಆ್ಯಪುಗಳು ಎಡವೋದು. ತಾಯಿ ಕಾರ್ಡ್ ಆಗಿರೋದು ಗಂಡನ ಊರಿನಲ್ಲಿ, ಬಾಣಂತನ ತವರಿನಲ್ಲಿ. ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ 3, 7, 14, 21, 28, 42ನೇ ದಿನ ಬರಬೇಕು ಅನ್ನೋದು ನಿಯಮ. ಆದರೆ ಗಂಡನ ಊರಿನ ಆಶಾಗೆ ಮಗು ಎಲ್ಲಿದೆ ಗೊತ್ತಿಲ್ಲ, ತವರಿನ ಆಶಾಗೆ ಹೆರಿಗೆ ಆಗಿದ್ದೇ ಗೊತ್ತಿಲ್ಲ. ಫೋನ್ ನಂಬರ್ ಅಂತೂ ಹೆಚ್ಚಾಗಿ ಗಂಡನದೇ.

ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು ಇದೇ. 32 ವಾರಕ್ಕೆ ಹೆರಿಗೆ, ಮಗು ಒಂದೂವರೆ ಕೆಜಿ. ಅಕ್ಕನನ್ನು ಕೊಟ್ಟಿರೋದು ಕಡೂರು ಹತ್ತಿರದ ಹಳ್ಳಿಗೆ, ತವರು ಅಜ್ಜಂಪುರದ ಕಡೆ, ಭಾವ ಬೆಂಗಳೂರಿನಲ್ಲಿ ಫ್ಯಾಕ್ಟರಿ ಕೆಲಸ. ನಾಲ್ಕು ವಾರಕ್ಕೆ ಆರ್‌ಒಪಿ ಪರೀಕ್ಷೆ ಮಾಡಿಸಿ ಅಂತ ಡಿಸ್ಚಾರ್ಜ್ ಚೀಟಿಯ ಕೊನೆ ಸಾಲಿನಲ್ಲಿತ್ತು. ಹಾಗಂದ್ರೆ ಏನು ಅಂತ ಆಸ್ಪತ್ರೆಯಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ. ನೆನಪಿಸೋ ಮೆಸೇಜು ಇಂಗ್ಲಿಷಿನಲ್ಲಿ, ಅದೂ ಭಾವನ ಫೋನಿಗೆ ಹೋಯ್ತು. 26ನೇ ದಿನ ತವರೂರಿನ ಆಶಾ ಅಕ್ಕ ಯಾರೋ ಹೇಳಿದ್ದು ಕೇಳಿ ಮನೆಗೆ ಬಂದು, ಚೀಟಿ ಇಸ್ಕೊಂಡು ನೋಡಿ, "ಕಣ್ಣು ತೋರಿಸಿದ್ರಾ?" ಅಂತ ಕೇಳಿದರು. ಮನೆಯವರಿಗೆ ಆಶ್ಚರ್ಯ. ಮಗು ಕಣ್ಣು ಚೆನ್ನಾಗೇ ಬಿಡ್ತಿದೆಯಲ್ಲ! 29ನೇ ದಿನ ಕರೆದುಕೊಂಡು ಹೋದರು. ಮತ್ತೆರಡು ಸಲ ನೋಡಿ, ತೊಂದರೆ ಇಲ್ಲ ಅಂದರು.

ಆರ್‌ಒಪಿ ಅಂದ್ರೆ ಬೇಗ ಹುಟ್ಟಿದ ಮಗುವಿನ ರೆಟಿನಾದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯೋ ಕಾಯಿಲೆ. ಹೊರಗಿನಿಂದ ಏನೂ ಕಾಣಲ್ಲ. ಜೋರಾದರೆ ಮಗು ಶಾಶ್ವತವಾಗಿ ಕುರುಡಾಗಬಹುದು, ಸಮಯಕ್ಕೆ ಹಿಡಿದರೆ ಲೇಸರ್‌ನಿಂದ ದೃಷ್ಟಿ ಉಳಿಸಬಹುದು. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ 30 ದಿನದೊಳಗೆ ಕಣ್ಣಿನ ಪರೀಕ್ಷೆ ಆಗಬೇಕು. ಇನ್ನೂ ಬೇಗ ಹುಟ್ಟಿದ್ದರೆ ಎರಡು ಮೂರು ವಾರಕ್ಕೇ. ಒಂದು ಮಗುವಿನ ಇಡೀ ಜೀವನದ ಬೆಳಕು ಒಂದು ತಾರೀಖಿನ ಮೇಲೆ ನಿಂತಿದೆ.

ಇದಕ್ಕೆ ತಂತ್ರಜ್ಞಾನ ಬಳಸಿದ ಒಳ್ಳೇ ಉದಾಹರಣೆ ನಮ್ಮ ರಾಜ್ಯದ್ದೇ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ತಂಡ 2008ರಲ್ಲಿ ಕಿಡ್‌ರಾಪ್ ಅನ್ನೋ ಯೋಜನೆ ಶುರು ಮಾಡಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತುಕೊಂಡು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗ್ತಾರೆ. ಮಗುವಿನ ರೆಟಿನಾದ ಚಿತ್ರ ತೆಗೆದು ಇಂಟರ್ನೆಟ್ಟಿಗೆ ಏರಿಸ್ತಾರೆ, ತಜ್ಞರು ಬೆಂಗಳೂರಿನಲ್ಲಿ ಮೊಬೈಲಿನಲ್ಲೇ ನೋಡಿ ವರದಿ ಕೊಡ್ತಾರೆ. ಇಲ್ಲೂ ಆ್ಯಪ್ ಇದೆ, ಆದರೆ ಅದರ ಹಿಂದೆ ಮುಂದೆ ಜನ ಇದಾರೆ. ಊರಿಂದ ಊರಿಗೆ ಹೋಗೋ ಗಾಡಿ ಇಲ್ಲದೇ ಹೋಗಿದ್ದರೆ ಆ ಸಾಫ್ಟ್‌ವೇರ್‌ಗೆ ಏನು ಬೆಲೆ?

ಸ್ಕ್ರೀನೇ ಇಲ್ಲದ ಇನ್ನೊಂದು ಉದಾಹರಣೆ ಬೆಂಪು. ಇದೂ ಬೆಂಗಳೂರಿನದೇ. ಮಗುವಿನ ಕೈಗೆ ಕಟ್ಟೋ ಬಳೆಯಂಥ ಪಟ್ಟಿ. ಮೈ ಬೆಚ್ಚಗಿದ್ದರೆ ನೀಲಿ ದೀಪ ಮಿನುಗುತ್ತೆ, ತಣ್ಣಗಾದರೆ ಕಿತ್ತಳೆ ದೀಪದ ಜೊತೆ ಶಬ್ದ ಮಾಡುತ್ತೆ. ಓದು ಬಾರದ ಅಜ್ಜಿಗೂ ಅರ್ಥ ಆಗುತ್ತೆ. ಶಬ್ದ ಬಂದ ತಕ್ಷಣ ಮಗುವನ್ನು ಅಮ್ಮನ ಎದೆಗೆ, ಚರ್ಮಕ್ಕೆ ಚರ್ಮ ತಾಗೋ ಹಾಗೆ ಕಟ್ಟಿಕೊಳ್ಳಬೇಕು. ಈ ಕಾಂಗರೂ ಆರೈಕೆ ದಿನಕ್ಕೆ 8ರಿಂದ 24 ಗಂಟೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಅದಕ್ಕೆ ಬೇಕಿರೋದು ಮನೆ ಕೆಲಸಕ್ಕೆ ಹೆಗಲು ಕೊಡೋ ಅತ್ತೆ, ತಾನೂ ಮಗುವನ್ನು ಎದೆಗೆ ಕಟ್ಟಿಕೊಳ್ಳೋ ಗಂಡ. ಇದನ್ನು ಕೊಡೋ ಆ್ಯಪ್ ಪ್ಲೇ ಸ್ಟೋರಿನಲ್ಲಿಲ್ಲ.

"ಈಗ ಎಲ್ಲರ ಕೈಲೂ ಸ್ಮಾರ್ಟ್‌ಫೋನ್ ಇದೆ" ಅಂತ ಗೆಳೆಯರು ವಾದ ಮಾಡ್ತಾರೆ. ಇದೆ, ಒಪ್ಪೋಣ. ಆದರೆ ಸಾಮಾನ್ಯ ಬೇಬಿ ಆ್ಯಪಿಗೆ ಹುಟ್ಟಿದ ತಾರೀಖು ಕೊಟ್ಟು ನೋಡಿ. ಆರು ತಿಂಗಳಿಗೆ "ನಿಮ್ಮ ಮಗು ಇಷ್ಟೊತ್ತಿಗೆ ಹೀಗೆಲ್ಲ ಮಾಡಬೇಕು" ಅಂತ ಪಟ್ಟಿ ಕೊಡುತ್ತೆ. ಎರಡು ತಿಂಗಳು ಮೊದಲೇ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ನಾಲ್ಕು ತಿಂಗಳ ಮಗು ಅಂತಲೇ ನೋಡಬೇಕು. ಲಸಿಕೆಗೆ ಮಾತ್ರ ಹುಟ್ಟಿದ ತಾರೀಖಿನ ಲೆಕ್ಕವೇ. ಈ ಎರಡು ಲೆಕ್ಕ ತಿಳಿಯದ ಆ್ಯಪ್ ತಾಯಿಯನ್ನು ಸುಮ್ಮನೆ ಹೆದರಿಸುತ್ತೆ, ಇಲ್ಲವೇ ಲಸಿಕೆ ತಪ್ಪಿಸುತ್ತೆ.

ಹಾಗಾದರೆ ಏನು ಮಾಡಬಹುದು? ಡಿಸ್ಚಾರ್ಜ್ ದಿನ ನರ್ಸ್ ಮೂರೇ ವಿಷಯ ತುಂಬಲಿ: ಹುಟ್ಟಿದ ದಿನ, ಎಷ್ಟು ವಾರ, ಎಷ್ಟು ತೂಕ. ಜೊತೆಗೆ ಮೂರು ಫೋನ್ ನಂಬರ್: ತಾಯಿಯದು, ಬಾಣಂತನ ಮಾಡೋ ಮನೆಯದು, ಆ ಊರಿನ ಆಶಾದು. ಕಣ್ಣಿನ ಪರೀಕ್ಷೆ, ಲಸಿಕೆ, ತೂಕ ನೋಡೋ ದಿನಗಳನ್ನು ಕಂಪ್ಯೂಟರ್ ಲೆಕ್ಕ ಹಾಕಿ, ಮುಂಚಿತವಾಗಿ ಮೂವರಿಗೂ ಧ್ವನಿ ಕರೆ ಮಾಡಲಿ. ಕೀಪ್ಯಾಡ್ ಫೋನಿಗೂ ಹೋಗಲಿ. ಕೇಂದ್ರ ಸರ್ಕಾರದ ಕಿಲ್ಕಾರಿ ಯೋಜನೆ ಗರ್ಭಿಣಿಯರಿಗೆ, ತಾಯಂದಿರಿಗೆ ವಾರಕ್ಕೊಂದರಂತೆ 72 ಧ್ವನಿ ಸಂದೇಶ ಕಳಿಸೋದು ಹೀಗೆಯೇ. ನಮ್ಮ ಕಡೆ ತಾಂಡಾಗಳಿವೆ, ಲಂಬಾಣಿ ಭಾಷೆಯಲ್ಲೂ ರೆಕಾರ್ಡ್ ಮಾಡಿ. ಹೋಗಿ ಬಂದಿದ್ದರೆ 1 ಒತ್ತಲಿ, ಒತ್ತದಿದ್ದರೆ ಆಶಾಗೆ ಮತ್ತೆ ಕರೆ ಹೋಗಲಿ. ಮಗು ಹಾಲು ಕುಡಿಯದಿದ್ದರೆ, ಏದುಸಿರು ಬಿಡ್ತಿದ್ದರೆ ಕಾಯಿಲೆ ಏನಂತ ಊಹೆ ಮಾಡೋ ಚಾಟ್‌ಬಾಟ್ ಬೇಡ. ನೇರ 108ಕ್ಕೆ ಫೋನ್ ಮಾಡಿ ಅನ್ನಿ. ಜಾಹೀರಾತು ಅಂತೂ ಬೇಡವೇ ಬೇಡ. ಶಿಶುಗಳ ಹಾಲಿನ ಪುಡಿಯ ಪ್ರಚಾರ 1992ರ ಕಾಯ್ದೆಯಿಂದಲೇ ನಿಷಿದ್ಧ.

ಇದಕ್ಕೆ ದೊಡ್ಡ ಕೋಡ್ ಏನೂ ಬೇಕಿಲ್ಲ, ಒಂದು ಸೆಮಿಸ್ಟರ್ ಸಾಕು. ಕಷ್ಟದ ಕೆಲಸ ಬೇರೆ ಇದೆ: ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಆಶಾ ಅಕ್ಕಂದಿರ ಜೊತೆ ಒಂದು ಮಧ್ಯಾಹ್ನ ಕೂತು, "ಡಿಸ್ಚಾರ್ಜ್ ಚೀಟಿಯಲ್ಲಿ ನಿಮಗೆ ಯಾವ ಸಾಲು ಅರ್ಥ ಆಗಲ್ಲ?" ಅಂತ ಕೇಳೋದು. ಅವರು ತೋರಿಸೋ ಸಾಲನ್ನೇ ನಿಮ್ಮ ಸಿನಾಪ್ಸಿಸ್‌ನ ಮೊದಲ ಸಾಲು ಮಾಡಿಕೊಳ್ಳಿ. ಲಾಗಿನ್ ಪೇಜ್ ಆಮೇಲೆ ನೋಡೋಣ.