ಬೀಳಲ್ಲ, ಚಿಗರಿಯ ಬೀಡು

ಕೃಷ್ಣಸಾರಮೃಗವು ಸ್ವಭಾವದಿಂದ ಎಲ್ಲಿ ಸಂಚರಿಸುವುದೋ ಆ ಭೂಮಿಯು ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿಯು ಹೇಳುವುದು. ಕಾಳಿದಾಸನ ಶಾಕುಂತಲ ನಾಟಕವು ತೊಡಗುವುದೂ ಈ ಮೃಗದ ಬೆನ್ನಟ್ಟಿದ ದುಷ್ಯಂತನ ರಥದಿಂದಲೇ. ಆ ಕೃಷ್ಣಸಾರವು ಬೇರೆಯಲ್ಲ. ನಮ್ಮ ಯಲಬುರ್ಗಾ, ಕುಷ್ಟಗಿಗಳ ಜನರು ಚಿಗರಿಯೆಂದು ಕರೆಯುವ ಪ್ರಾಣಿಯೇ. ಕಾವ್ಯದಲ್ಲಿ ಅದನ್ನು ಕಂಡು ತಲೆದೂಗುವವರೇ ಹೊಲದಲ್ಲಿ ಕಂಡೊಡನೆ ಕವಣೆಗೆ ಕೈಹಾಕುವರು. ಹೀಗೇಕಾಯಿತೆಂಬುದನ್ನು ಈ ತಿಂಗಳು ವಾಚಕರೊಡನೆ ಕೂಡಿ ವಿಚಾರಿಸಬಯಸುತ್ತೇವೆ.

ಮೊದಲು ಚಿಗರಿಯ ಕುಲವನ್ನು ತಿಳಿಯೋಣ. ಅನೇಕರು ಇದನ್ನು ಜಿಂಕೆಯೆನ್ನುವುದುಂಟು. ಆದರೆ ಚುಕ್ಕೆಜಿಂಕೆ, ಕಡವೆಗಳ ಕೊಂಬು ಕವಲೊಡೆದು ಬೆಳೆದು, ಕಾಲಕಾಲಕ್ಕೆ ಉದುರಿ, ಮತ್ತೆ ಮೂಡುವುದು. ಚಿಗರಿಯ ಕೊಂಬಾದರೋ ಕವಲಿಲ್ಲದೆ ತಿರುಚಿಕೊಂಡು ಬೆಳೆದು, ಜೀವವಿರುವವರೆಗೂ ನಿಲ್ಲುವುದು. ಆದುದರಿಂದ ಇದು ಆಕಳು, ಆಡುಗಳ ಬಳಗಕ್ಕೆ ಸೇರಿದ ಹುಲ್ಲೆ. ಆಫ್ರಿಕಾಖಂಡದ ಸವಾನಾ ಬಯಲುಗಳಲ್ಲಿ ಮೇಯುವ ಗಸೆಲ್, ಇಂಪಾಲಾ, ವಿಲ್ಡಬೀಸ್ಟ್ ಮುಂತಾದವು ಇದರ ದಾಯಾದಿಗಳು. ಅಲ್ಲಿಯ ಸೆರೆಂಗೆಟಿ ಬಯಲಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ವಿಲ್ಡಬೀಸ್ಟುಗಳು ಮಳೆಯನ್ನೂ ಎಳೆಹುಲ್ಲನ್ನೂ ಅನುಸರಿಸಿ ವರ್ಷವಿಡೀ ಸಂಚರಿಸುವುವು; ಅದನ್ನು ನೋಡಲು ದೇಶದೇಶಗಳ ಜನರು ನೆರೆಯುವರು.

ಚಿಗರಿಯ ಗಂಡಿಗೆ ವಯಸ್ಸೇರಿದಂತೆ ಬೆನ್ನು ಕಪ್ಪಾಗುವುದು; ಹೊಟ್ಟೆ ಬೆಳ್ಳಗೆ. ಹೆಣ್ಣು ಕಂದುಬಣ್ಣದ್ದು, ಅದಕ್ಕೆ ಸಾಮಾನ್ಯವಾಗಿ ಕೊಂಬಿಲ್ಲ. ಹುಟ್ಟಿದ ಮರಿಯನ್ನು ತಾಯಿಯು ಕೆಲವು ದಿನ ಹುಲ್ಲಿನ ಮರೆಯಲ್ಲಿ ಅಡಗಿಸಿಡುವುದು. ಬೆಳೆದವಾದರೋ ವೈರಿಯನ್ನು ದೂರದಿಂದಲೇ ಕಂಡು, ಚಂಗನೆ ಜಿಗಿದೋಡಿ ಪ್ರಾಣವುಳಿಸಿಕೊಳ್ಳುವುವು. ಮರಿಗೆ ಮರೆ ಬೇಕು, ತಾಯಿಗೆ ಬಯಲು ಬೇಕು. ಎರಡೂ ಒಂದೆಡೆ ದೊರೆಯುವುದು ಹುಲ್ಲುಗಾವಲಿನಲ್ಲಿಯೇ ಹೊರತು ದಟ್ಟವಾದ ಅಡವಿಯಲ್ಲಲ್ಲ.

ಇನ್ನು ಹುಲ್ಲಿನ ಮಹಿಮೆ. ಗಿಡದ ಕುಡಿ ತುದಿಯಲ್ಲಿರುವುದು. ಹುಲ್ಲು ಬೆಳೆಯುವುದು ಬುಡದಿಂದ. ಆದಕಾರಣ ದನ ಮೇದರೂ ಕಿಚ್ಚು ಹಾಯ್ದರೂ ಅದು ಒಂದು ಮಳೆಗೆ ಮರಳಿ ಚಿಗುರುವುದು. ಅದರ ಬೇರುಗಳು ಮಣ್ಣು ಕೊಚ್ಚಿಹೋಗದಂತೆ ತಡೆದು ನೀರನ್ನು ಇಂಗಿಸುವುವು. ವರ್ಷಕ್ಕೆ 600 ಮಿಲಿಮೀಟರು ಮಳೆಯೂ ನೆಚ್ಚಿಕೆಯಿಲ್ಲದ ನಮ್ಮ ಸೀಮೆಗೆ ಇದಕ್ಕಿಂತ ಒಪ್ಪುವ ಹೊದಿಕೆ ಯಾವುದು? ಆದರೆ ಕಂದಾಯ ಹುಟ್ಟದ ನೆಲವನ್ನು ಬೀಳು, ಪಾಳು, ಬಂಜರು ಎಂದು ಬರೆದಿಡುವುದು ವಾಡಿಕೆಯಾಯಿತು. ಹಾಳೆಂದು ಹೆಸರಿಟ್ಟ ಮೇಲೆ ಹಾಳುಮಾಡಲು ಸಂಕೋಚವೇಕೆ?

1953ರಲ್ಲಿ ತುಂಗಭದ್ರೆಯ ಅಣೆಕಟ್ಟಾಗಿ, ಎಡದಂಡೆಯ ಕಾಲುವೆ ಹರಿದ ಬಳಿಕ ಗಂಗಾವತಿಯ ಬಯಲು ಬತ್ತದ ಗದ್ದೆಯಾಯಿತು. ಅದರಿಂದ ಜನರು ಉಂಡರು, ಆಕ್ಷೇಪಿಸುವವರಾರು? ಯಲಬುರ್ಗಾ, ಕುಷ್ಟಗಿಗಳ ಒಣನೆಲದಲ್ಲಿಯೂ ನೇಗಿಲು, ಟ್ರ್ಯಾಕ್ಟರು ಬೀಳನ್ನು ಒತ್ತುತ್ತ ಬಂದಿವೆ. ಈಚೆಗೆ ಗಾಳಿಯಂತ್ರಗಳೂ ನಿಂತಿವೆ. ಹುಲ್ಲು ಹೋದ ಚಿಗರಿ ಹೊಲಕ್ಕಲ್ಲದೆ ಇನ್ನೆಲ್ಲಿಗೆ ಹೋದೀತು?

ಹೊಲದೊಡೆಯನ ದುಃಖವೂ ಸಣ್ಣದಲ್ಲ. ಮುಂಗಾರಿನ ಹೆಸರು, ಶೇಂಗಾ ಮೊಳೆತೊಡನೆ ಹಿಂಡು ಬಂದು ಕುಡಿ ಚಿವುಟಿದರೆ, ಸಾಲಮಾಡಿ ಬಿತ್ತಿದ ಬೀಜ ಮಣ್ಣುಪಾಲು. ರಾತ್ರಿಯೆಲ್ಲ ಹೊಲ ಕಾಯ್ದವನ ಮುಂದೆ ಶಾಕುಂತಲವನ್ನು ವರ್ಣಿಸುವುದು ನಗೆಗೇಡು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಚಿಗರಿಯ ವಧೆಯನ್ನು ಅಪರಾಧವೆಂದು ಸಾರಿದೆ, ಅದು ಯುಕ್ತವೇ. ಆದರೆ ರೈತನ ಕೈಯನ್ನು ಕಟ್ಟಿದವರು ಅವನ ಹಾನಿಯನ್ನು ಸಕಾಲದಲ್ಲಿ ತುಂಬಿಕೊಡುವುದೂ ಅಷ್ಟೇ ಯುಕ್ತ. ಲೋಕಕ್ಕೆಲ್ಲ ಬೇಕಾದ ಮೃಗವನ್ನು ಒಬ್ಬ ಬಡವನ ಹೊಲವೇ ಸಾಕಬೇಕೆಂಬುದು ಧರ್ಮವಲ್ಲ.

ಬೀಳಿನಲ್ಲೆಲ್ಲ ಮರ ನೆಟ್ಟರೆ ಪುಣ್ಯವೆಂದು ಕೆಲವರೆನ್ನಬಹುದು. ರಾಣಿಬೆನ್ನೂರನ್ನು ನೋಡಿರಿ. ಅಲ್ಲಿ 1974ರಲ್ಲಿ 119 ಚದರ ಕಿಲೋಮೀಟರುಗಳ ಕೃಷ್ಣಮೃಗಧಾಮವಾಯಿತು. ಆದರೆ ಬಹುಭಾಗದ ಬಯಲನ್ನು ನೀಲಗಿರಿಯ ನೆಡುತೋಪು ಆಕ್ರಮಿಸಿತು. ಅದರಡಿಯಲ್ಲಿ ಮೇವು ಸಾಲದೆ ಚಿಗರಿಗಳು ಸುತ್ತಲಿನ ಹೊಲಗಳಿಗಿಳಿದುವು. ಸ್ಥಾನವರಿಯದ ದಾನದಂತೆ ನೆಲವರಿಯದೆ ನೆಟ್ಟ ಮರವೂ ಕೆಡುಕಾಗುವುದುಂಟು.

ನಮ್ಮ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರು ಕುರುಚಲು ಬಯಲನ್ನು ತೋಳಗಳ ಧಾಮವಾಗಿ ಕಾದಿರಿಸಿರುವುದು ಸಂತೋಷದ ಸಂಗತಿ. ತೋಳವು ಚಿಗರಿಯ ವೈರಿಯಾದರೂ ಅದರ ಹಿಂಡು ಮಿತಿಮೀರದಂತೆ ನೋಡಿಕೊಳ್ಳುವುದು. ಆದರೆ ಹುಲ್ಲೆಗಳ ಸಂಚಾರಕ್ಕೆ ಇಂಥ ಒಂದು ತುಣುಕು ಸಾಲದು. ಊರೂರಿನ ಗಾಯರಾಣ ಉಳಿದರೆ ಚಿಗರಿಗೆ ಮೇವು, ಕುರಿಗಾರನ ಹಿಂಡಿಗೆ ಮೇವು, ರೈತನ ಬೆಳೆಗೆ ನೆಮ್ಮದಿ.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ನಿಮ್ಮೂರಿನ ಗ್ರಾಮಸಭೆಯಲ್ಲಿ ಗಾಯರಾಣವನ್ನು ಹಂಚುವ ಮಾತಾಗಲಿ, ಗಿಡ ನೆಡುವ ಮಾತಾಗಲಿ ಬಂದಾಗ, ಅಲ್ಲಿ ಈಗ ಯಾರು ಬಾಳುತ್ತಿರುವರೆಂದು ಮೊದಲು ಕೇಳಿರಿ. ನೇಗಿಲು ಹೂಡುವುದು ಒಂದು ದಿನದ ಕೆಲಸ. ಕಳೆದುಹೋದ ಹುಲ್ಲುಗಾವಲನ್ನು ಮರಳಿ ತರುವುದಕ್ಕೆ ತಲೆಮಾರುಗಳೂ ಸಾಲವು.